ಹಲ್ಲಿನ ಗುರುತಿನ ಬಿರಡೆ

ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಪೂರ್ತಿ ಎತ್ತುವ ಮೊದಲು ನಮ್ಮ ಬಿರಡೆ ಅಜ್ಜ ಗೋಡೆಯ ಮೊಳೆಗೆ ತೂಗುಹಾಕಿದ ಹಳೆಯ ಪಿಟೀಲನ್ನು ಇಳಿಸಿಕೊಂಡು, ಅದರ ತಲೆಯಲ್ಲಿ ಖಾಲಿ ಉಳಿದಿರುವ ಒಂದು ತೂತಿಗೆ ಕಿರುಬೆರಳಿಟ್ಟು, ಪ್ರಾರ್ಥನೆಗೆ ನಿಂತವರಂತೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಪಕ್ಕದ ಮಳಿಗೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ನಾನೂ ಅಷ್ಟು ಹೊತ್ತು ಕಾಲು ಆಡಿಸುವುದಿಲ್ಲ.

ಮುರಿದ ಪಿಟೀಲುಗಳನ್ನು ಕೊಂಡು ತಂದು, ಬಿಚ್ಚಿ, ತಂತಿ ಬಿಗಿಯುವ ಬಿರಡೆಗಳನ್ನು ಒಂದು ಡಬ್ಬಿಗೆ, ತಂತಿ ಎತ್ತಿಹಿಡಿಯುವ ಕುದುರೆಗಳನ್ನು ಇನ್ನೊಂದಕ್ಕೆ ಹಾಕಿ ಮಾರುವುದು ಅವರ ಕಸುಬು. ಹಳೆಯ ವಾದ್ಯಕ್ಕೆ ಹೊಸ ಮರ ಒಗ್ಗದವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಾರೆ. ಅಜ್ಜನ ಕೋಟಿನ ಬಲಜೇಬಿನಲ್ಲಿ ಸದಾ ಒಂದು ಹಿಡಿ ಬಿರಡೆ. ಅದರ ಭಾರಕ್ಕೋ ಎಂಬಂತೆ ಬಲಕ್ಕೆ ವಾಲಿ ನಡೆಯುವ ಅವರಿಗಿಂತ ಮುಂಚೆ ಅದರ ಕಟಕಟ ಸದ್ದು ಬರುತ್ತದೆ. ಮಾತಿನ ಕೊನೆಗೆ "ಕೂತ್ಕೊಳ್ಳುತ್ತೆ ಬಿಡಿ" ಎಂಬುದೊಂದು ಬಾಲ. ಬಿರಡೆಗೂ ಅದೇ, ಮಗಳು ಅಳಿಯಂದಿರ ಜಗಳಕ್ಕೂ ಅದೇ.

ಗೋಡೆಯ ಪಿಟೀಲು ಅವರ ಹೆಂಡತಿಯದು. ಬಿಗಿದ ಬಿರಡೆ ಬೆರಳಿಗೆ ಬಗ್ಗದಿದ್ದರೆ ಆಕೆ ಹಲ್ಲಿನಿಂದ ಕಚ್ಚಿ ತಿರುಗಿಸುತ್ತಿದ್ದರಂತೆ. ನಾಲ್ಕರ ಮೇಲೂ ಆ ಗುರುತು. ಆಕೆ ತೀರಿಕೊಂಡ ಮೇಲೆ ಆ ಪಿಟೀಲನ್ನು ನೋಡಲಾಗದೆ, ಅಜ್ಜ ತಾವೇ ಮುರುಕುಗಳ ರಾಶಿಯ ಅಡಿಗೆ ತಳ್ಳಿಟ್ಟರು. ತಿಂಗಳುಗಳು ಕಳೆದು ರಾಶಿ ಕರಗಿತು. ಬಿಚ್ಚುವಾಗ ವಾದ್ಯವನ್ನು ನೋಡದೆ ಜೋಡಣೆಯನ್ನಷ್ಟೇ ನೋಡುವ ಅಭ್ಯಾಸದ ಕೈ ಅದನ್ನೂ ಬಿಚ್ಚಿ ಡಬ್ಬಿಗೆ ಹಾಕಿತು. ಬರಿದಾದ ಒಡಲನ್ನು ಒಂದು ದಿನ ಗುರುತಿಸುವ ಹೊತ್ತಿಗೆ ನಾಲ್ಕೂ ಬಿರಡೆ ಮಾರಿಹೋಗಿದ್ದವು.

"ಕಣ್ಣಿಗಿಂತ ಕೈ ಮುಂದೆ ಹೋಯ್ತಮ್ಮ," ಎಂದರು ಒಮ್ಮೆ. ಅಷ್ಟೇ.

ಹನ್ನೊಂದು ವರ್ಷ ಬಸ್ಸು ಹತ್ತಿ ಇಳಿದು, ಕೊಂಡವರ ಮನೆಗಳನ್ನು ಹುಡುಕಿ, ಒಂದಕ್ಕೆ ಎರಡು ಕೊಟ್ಟು ಮೂರನ್ನು ಮರಳಿ ತಂದರು. "ಏನಜ್ಜ, ಕೊನೇ ಹಲ್ಲು ಸಿಕ್ತಾ?" ಎಂದು ಎದುರಿನ ಚಹಾದವನು ಕೆಣಕಿದರೆ, "ನಿನ್ನದು ಉದುರೋದ್ರೊಳಗೆ ಸಿಗುತ್ತೆ ಕಣೋ!" ಎನ್ನುವರು.

ಮೊನ್ನೆ ತಂತಿ ಕೊಳ್ಳಲು ಬಂದ ಸಂಗೀತದ ಟೀಚರು ತಮ್ಮ ಪಿಟೀಲಿನ ಪೆಟ್ಟಿಗೆ ತೆರೆದರು. ನಾಲ್ಕನೆಯ ಬಿರಡೆ ಆ ಪಿಟೀಲಿನ ತಲೆಯಲ್ಲಿತ್ತು. ಅಜ್ಜ ಅದರ ಹಲ್ಲಿನ ಗುಳಿಯಲ್ಲಿ ಉಗುರು ನಿಲ್ಲಿಸಿದರು. ಕಥೆಯೆಲ್ಲ ಪಕ್ಕದಿಂದ ಎದ್ದುಬಂದ ನಾನೇ ಹೇಳಬೇಕಾಯಿತು.

"ಅಯ್ಯೋ, ತಗೊಳ್ಳಿ ಅಜ್ಜ! ನನಗೆ ಬೇರೆ ಯಾವುದಾದ್ರೂ ಹಾಕಿಕೊಟ್ಟರಾಯ್ತು," ಎಂದು ಆಕೆ ತಂತಿ ಸಡಿಲಿಸಲು ಹೊರಟರು.

"ತಡೀರಿ. ಒಂದು ಸಲ ನುಡಿಸಿ," ಎಂದರು ಅಜ್ಜ.

ಆಕೆ ನಿಂತಲ್ಲೇ ನುಡಿಸಿದರು. ಅಜ್ಜ ಕೋಟಿನ ಜೇಬನ್ನು ಸದ್ದಾಗದಂತೆ ಅದುಮಿಕೊಂಡು, ಕೊನೆಯ ಸ್ವರ ಆರುವವರೆಗೂ ಆ ಬಿರಡೆಯನ್ನೇ ನೋಡುತ್ತಿದ್ದರು. ಬಿಚ್ಚುವುದರಲ್ಲೇ ಬಾಳು ಸವೆಸಿದವರಿಗೆ, ಕೂಡಿ ನಿಂತದ್ದು ಎಂಥ ಭಾಗ್ಯವೆಂದು ಉಳಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೇನೋ. ಅದಕ್ಕೇ ದೇವರು ಅಂಥವರ ಹಂಬಲವನ್ನು ಪೂರ್ತಿ ಕೈಗೆ ಕೊಡದೆ, ಮುಟ್ಟಿ ನೋಡುವಷ್ಟು ಹತ್ತಿರ ತಂದು ನಿಲ್ಲಿಸುತ್ತಾನೇನೋ.

ಅಜ್ಜ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳವನ್ನು ತಾವೇ ಮುಚ್ಚಿ ಆಕೆಯ ಕೈಗಿತ್ತರು.

"ಬೇಡ ತಾಯಿ. ಅದು ಅಲ್ಲೇ ಕೂತ್ಕೊಂಡಿದೆ."