ನಡುವಿನ ಕಮಾನು

ಹೊಳೆಯ ಮೇಲಿನ ಏಳು ಕಮಾನಿನ ಕಲ್ಲುಸೇತುವೆ ಎಂದರೆ ಆ ಎಂಜಿನಿಯರನಿಗೆ ಪ್ರಾಣ. ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಗಾಡಿ ಬಂದಾಗ ನಡೆದು ಹೋಗುವವರು ಸರಿದು ನಿಲ್ಲಲೆಂದು ಅಂಚಿನ ಕಟ್ಟೆಯನ್ನು ಅಲ್ಲಲ್ಲಿ ಹೊರಕ್ಕೆ ಚಾಚಿ ಪುಟ್ಟ ಜಾಗ ಬಿಟ್ಟಿದ್ದರು. ಸರ್ಕಾರದವರು ಅದನ್ನು ಕೆಡವುತ್ತೇವೆಂದಾಗ ಇವನು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಸವೆಸಿದ. ಆಚೆ ದಡದಲ್ಲಿದ್ದ ಅಕ್ಕ, ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು, ಗೇಲಿ ಮಾಡುತ್ತಿದ್ದಳು: "ಆ ಸೇತುವೆಯನ್ನೇ ಕಟ್ಟಿಕೊಂಡುಬಿಡೋ, ಹೆಣ್ಣು ಹುಡುಕೋ ಕಷ್ಟ ನನಗೆ ತಪ್ಪುತ್ತೆ."

ಸೇತುವೆ ಉಳಿಯಿತು. ಆದರೆ ನಡುವಿನ ಕಮಾನು ಬಿರುಕು ಬಿಟ್ಟಿತ್ತು. ವಾಹನ ಓಡಿದರೆ ಕುಸಿಯುತ್ತದೆ ಎಂದು ಅವನೇ ಹೇಳಿ, ಎರಡೂ ತುದಿಗೆ ಕಬ್ಬಿಣದ ಗೂಟ ನೆಡಿಸಿದ.

ಒಂದು ಮಧ್ಯಾಹ್ನ ಅಕ್ಕ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದಳು. ಆಸ್ಪತ್ರೆ ಈಚೆ ದಡದಲ್ಲಿ. ಅಲ್ಲಿಂದ ಹೊರಟ ಆಂಬುಲೆನ್ಸ್ ಗೂಟದ ಹತ್ತಿರ ನಿಂತಿತು. ಊರಾಚೆಯ ಹೊಸ ಸೇತುವೆ ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ಭಾವ, ಪಕ್ಕದ ಮನೆಯವರು ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಓಡಿದರು. ಸುದ್ದಿ ಕೇಳಿ ಇವನು ಈ ತುದಿಯಿಂದ ಓಡಿದ. ಸೇತುವೆಯ ಮಧ್ಯೆ ಎದುರಾದಾಗ ಅಕ್ಕನ ಕೈ ತಣ್ಣಗಿತ್ತು.

"ಅಕ್ಕಾ, ಇನ್ನೇನು ಬಂದೇಬಿಟ್ವಿ" ಎಂದ. ಅವಳು ಕಣ್ಣು ಬಿಡಲಿಲ್ಲ.

ತಿಂಗಳು ತುಂಬುವ ಮೊದಲೇ, ಗೂಟ ಕೀಳಬೇಕೆಂದು ಜನ ಸಭೆ ಸೇರಿಸಿದರು. ಭಾವ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಧಿಕಾರಿ ಇವನತ್ತ ತಿರುಗಿ, "ನೀವೇ ಹೇಳಿ, ಆಂಬುಲೆನ್ಸ್ ಒಂದನ್ನಾದರೂ ಬಿಡಬಹುದಾ?" ಎಂದು ಕೇಳಿದರು.

ಹೂಂ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಆ ಬಿರುಕು ಕಣ್ಣಿಗೆ ಕಟ್ಟಿತು. ಅದರ ಮೇಲೆ ಇನ್ಯಾರದೋ ಅಕ್ಕನನ್ನು ಹೊತ್ತ ಗಾಡಿ.

"ಆಗಲ್ಲ," ಎಂದ. "ಕಮಾನು ರಿಪೇರಿ ಆಗೋವರೆಗೆ ಆಗಲ್ಲ."

ಭಾವ ಎದ್ದು ಹೊರಗೆ ಹೋದರು.

ಸಂಜೆ ಅವರ ಮನೆಗೆ ಹೋದ. ಭಾವ ಬೈಯಲಿಲ್ಲ, ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು: "ನೀನು ಹೇಳಿದ್ದು ಸರಿಯೇ ಇರಬಹುದು ಕಣಯ್ಯಾ. ನನಗೆ ಅದೆಲ್ಲ ತಿಳಿಯಲ್ಲ. ಆದರೆ ನಿನ್ನ ಮುಖ ಕಂಡರೆ ಆ ಕುರ್ಚಿಯ ಭಾರ ಮತ್ತೆ ಕೈಗೆ ಬರುತ್ತೆ. ಇನ್ನು ಬರಬೇಡ."

"ಭಾವಾ, ನನ್ನದು ಅಂತ ಇರೋದು ಇದೊಂದೇ ಮನೆ. ಇನ್ನೆಲ್ಲಿಗೆ ಹೋಗಲಿ?"

ಭಾವನ ಕಣ್ಣು ತುಂಬಿ ಬಂತು. ಆದರೂ ಕದ ಮುಚ್ಚಿದರು. ಒಳಗೆ ಚಿಲಕ ಬಿದ್ದ ಸದ್ದಾಯಿತು. ಅವನು ಹೊಸ್ತಿಲ ಹೊರಗೇ ಕುಕ್ಕರಿಸಿ ಕೂತು, ಅಂತ್ಯಕ್ರಿಯೆಯ ದಿನವೂ ಬಾರದಿದ್ದ ಅಳುವನ್ನು ಬಿಕ್ಕಿ ಬಿಕ್ಕಿ ಅತ್ತ.