ಅತ್ತೆಯ ಮುಖ

"ತಲೆನೋವು ಅಂದೆನಲ್ಲ, ಸುಮ್ನೆ ಹೋಗು," ಅತ್ತೆ ಕೋಣೆಯ ಒಳಗಿನಿಂದಲೇ ಗದರಿದರು.

ಸೊಸೆ ಬಾಗಿಲು ಬಿಟ್ಟು ಕದಲಲಿಲ್ಲ. ನಿವೃತ್ತರಾಗುವವರೆಗೂ ಪಾಠ ಹೇಳಿದ ಶಾಲೆಯಲ್ಲಿ ಇವತ್ತು ಸಂಜೆ ಅತ್ತೆಗೆ ಸನ್ಮಾನ. ವಾರದಿಂದ ಮನೆಯಲ್ಲಿ ಅದೇ ಮಾತು. ಈಗ ನೋಡಿದರೆ ಕಾಫಿಗೂ ಹೊರಬಂದಿಲ್ಲ. ಅವಳ ಕೈಯಲ್ಲಿ ತನ್ನ ಮೊಡವೆಯ ಜೆಲ್ ಇತ್ತು. ನಿನ್ನೆಯಷ್ಟೇ ತೆರೆದ ಟ್ಯೂಬು ಅರ್ಧಕ್ಕರ್ಧ ಚಪ್ಪಟೆಯಾಗಿತ್ತು. "ಬೆಳಗಾದ್ರೆ ಮುಖಕ್ಕೆ ಮದ್ದು ಮೆತ್ಕೊಳ್ಳೋದೇ ಇವಳಿಗೆ ಕೆಲಸ" ಎಂದು ಮೂಗು ಮುರಿಯುತ್ತಿದ್ದವರು ಇದೇ ಅತ್ತೆ. ಮೊನ್ನೆ ಅವರ ಗದ್ದದ ಮೇಲೆ ಗುಳ್ಳೆ ಎದ್ದಿದ್ದನ್ನು ಅವಳು ಕಂಡೂ ಕಾಣದಂತಿದ್ದಳು.

"ಅತ್ತೆ, ಕಣ್ಣಿಗೇನಾದ್ರೂ ತಾಗಿದ್ಯಾ? ಅಷ್ಟು ಹೇಳಿ ಸಾಕು."

ಅವಳು ಮತ್ತೆ ಮತ್ತೆ ಬಾಗಿಲು ತಟ್ಟಿದಳು. ಕೊನೆಗೂ ಚಿಲಕ ಸರಿಯಿತು.

ಮುಖವೆಲ್ಲ ಕೆಂಡವಾಗಿತ್ತು. ಕೆನ್ನೆಯ ಚರ್ಮ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಿರಲಿಲ್ಲ.

"ಬೇಗ ವಾಸಿಯಾಗ್ಲಿ ಅಂತ ಮುಖದ ತುಂಬ ದಪ್ಪಗೆ ಹಚ್ಕೊಂಡು ಮಲಗಿಬಿಟ್ಟೆ," ಅತ್ತೆ ಮೆಲುದನಿಯಲ್ಲಿ ಹೇಳಿದರು. "ಉರಿ ತಡ್ಯಕ್ಕಾಗ್ತಿಲ್ಲ ಕಣೆ."

"ಅದನ್ನ ತೆಳ್ಳಗೆ ಸವರಬೇಕು ಅತ್ತೆ, ಜೊತೆಗೆ ಮಾಯಿಶ್ಚರೈಸರ್ ಹಚ್ಚಬೇಕು. ಇಲ್ದಿದ್ರೆ ಚರ್ಮ ಒಣಗಿ ಸುಡುತ್ತೆ. ಮೊದಮೊದಲು ನಾನೂ ಹೀಗೇ ಮಾಡ್ಕೊಂಡಿದ್ದೆ."

ತಣ್ಣೀರಿನಲ್ಲಿ ಮೆಲ್ಲಗೆ ಮುಖ ತೊಳೆಸಿ, ಮೆತ್ತನೆ ಬಟ್ಟೆ ಒತ್ತಿ, ಮಾಯಿಶ್ಚರೈಸರನ್ನು ಬೆರಳ ತುದಿಗೆ ತೆಗೆದುಕೊಂಡಳು. ಈ ಮುಖವನ್ನು ಅವಳು ಇದುವರೆಗೆ ಮುಟ್ಟಿದ್ದಿಲ್ಲ. ಕೆನ್ನೆಗೆ ಸವರುವಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತಿದ್ದ.

"ಅಮ್ಮನ ಮುಖಕ್ಕೆ ಏನ್ ಬಳಿದೆ ನೀನು?"

ಅವಳ ಬೆರಳು ನಿಂತಿತು. ಅತ್ತೆ ತಲೆ ತಗ್ಗಿಸಿದರು.

"ನನ್ನ ಟ್ಯೂಬು ಅವರ ಕೋಣೇಲಿ ಬಿಟ್ಟುಬಿಟ್ಟಿದ್ದೆ. ಅವರದ್ದು ಅಂದ್ಕೊಂಡು..."

"ಇವತ್ತೇ ಆಗ್ಬೇಕಿತ್ತಾ ಇದು? ನಿನಗೆ ಸ್ವಲ್ಪನಾದ್ರೂ..."

"ಬಾಯ್ಮುಚ್ಚೋ!" ಅತ್ತೆಯ ಕೂಗಿಗೆ ಇಬ್ಬರೂ ಬೆಚ್ಚಿದರು. "ಅವಳು ಎಲ್ಲೂ ಬಿಟ್ಟಿರ್ಲಿಲ್ಲ. ನಾನೇ ಕದ್ದು ತಂದಿದ್ದು. ಹೋಗು ಆಚೆ."

ಅವನು ಹೊರಟುಹೋದ. ಅತ್ತೆ ಕನ್ನಡಿ ನೋಡಿಕೊಂಡರು.

"ಸಂಜೆಗೆ ಸರಿಹೋಗುತ್ತಾ?"

"ಉರಿ ಕಮ್ಮಿಯಾಗುತ್ತೆ. ಕೆಂಪು ಮಾತ್ರ ಹೋಗಲ್ಲ ಅತ್ತೆ."

ಅತ್ತೆ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತು, ನರೆಗೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಹಿಡಿದರು.

"ಹಣೆಗೆ ಇನ್ನೂ ಹಚ್ಚಿಲ್ಲ," ಎಂದು ಕಣ್ಣು ಮುಚ್ಚಿಕೊಂಡರು.