ಬಲಕ್ಕೆ ತಿರುಗಿದ ಕೈ

ಸೀಸದ ಗುಂಡು ಇಷ್ಟು ತಣ್ಣಗಿರುತ್ತದೆಂದು ಪಾಂಡೆಲಿಸ್ ಎಣಿಸಿರಲಿಲ್ಲ, ಅಧಿಕಾರಿ ಅದನ್ನು ಅಂಗೈಗಿಟ್ಟು ಅಭ್ಯರ್ಥಿಯ ಹೆಸರು ಕೂಗಿದ, ಕ್ಯಾಪ್ಟನ್ ವಾಂದೋರೊಸ್, ಹೆಸರು ಚರ್ಚಿನ ಗುಮ್ಮಟಕ್ಕೆ ತಾಗಿ ಮರಳಿತು, ಈಗ ಮೊಣಕೈವರೆಗೆ ಕೈ ಮತದ ಪೆಟ್ಟಿಗೆಯ ಕೊಳವೆಯೊಳಗಿದೆ, ಬಲಕ್ಕೆ ತಿರುಗಿಸಿದರೆ ಬಿಳಿ ಖಾನೆ, ಈತ ಬೇಕು, ಎಡಕ್ಕಾದರೆ ಕಪ್ಪು, ಬೇಡ, ಒಳಗೆ ಬಟ್ಟೆ ಹಾಸಿದ್ದಾರೆ, ಬಿದ್ದ ಸದ್ದು ದೇವರಿಗೂ ಕೇಳದು — ಅವ್ವ ಮಾತ್ರ ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ, ಏಳು ವರ್ಷದಿಂದ ಕಳಚದ ಕರಿ ಬಟ್ಟೆಯಲ್ಲಿ, ಬೆಳಿಗ್ಗೆ ಕಾಫಿ ಕುದಿಸುತ್ತ ಹೇಳಿದಳಲ್ಲ, ಕಪ್ಪು ಹಾಕಿ ಬಾ ಮಗಾ, ನಿನ್ನ ತಮ್ಮನ್ನ ನೀರುಪಾಲು ಮಾಡಿದೋನು ದೇಶ ಆಳೋಕೆ ಹೊರಟವ್ನೆ, ಬಿಳಿ ಹಾಕಿದ್ಯೋ, ನನ್ನ ಹೊಸ್ತಿಲು ತುಳೀಬೇಡ. ಏನಯ್ಯಾ ಪಾಂಡೆಲಿ, ಒಳಗೆ ಆಕ್ಟೋಪಸ್ ಹಿಡೀತಿದೀಯಾ, ಬೇಗ ಕೈ ತೆಗಿ, ಸರದಿಯಲ್ಲಿ ಹಿಂದೆ ನಿಂತ ಬಲೆಗಾರ ಗೊಣಗುತ್ತಾನೆ, ಜನ ನಗುತ್ತಾರೆ, ನಗಲಿ, ಅವರಿಗೇನು ಗೊತ್ತು, ಕ್ಯಾಪ್ಟನ್ ನಮ್ಮ ಜೊತೆ ಕೂತು ಅದೇ ಹುರುಳಿಲ್ಲದ ಅವರೆ ಸಾರು ಉಂಡವರು, ಯುದ್ಧದಲ್ಲಿ ಫಿರಂಗಿ ಏಟಿಗೆ ನಮ್ಮ ಹಡಗು ಒಡೆದಾಗ ಒಂದೇ ಕಾಲಿನ ಬೂಟಿನಲ್ಲಿ ಕೆಳಗಿಳಿದು ಬಂದವರು, ಮೊಣಕಾಲುದ್ದ ನೀರು, ಕಬ್ಬಿಣದ ಬಾಗಿಲ ಆಚೆ ಸ್ಟ್ರಾಟಿಸ್, ತಮ್ಮ, ಕೂಗುತ್ತಿದ್ದಾನೆ, ಮೇಲೆ ಇನ್ನೂರು ಜೀವ, ಬಾಗಿಲು ಹಾಕು ಪಾಂಡೆಲಿ, ಅಂದರು ಕ್ಯಾಪ್ಟನ್, ಪಾಪ ನನಗಿರಲಿ, ಹಾಕು — ಬಾಗಿಲ ಹಿಡಿ ಬಲಕ್ಕೆ ತಿರುಗಿತು, ಟಕ್.

ಸ್ಟ್ರಾಟಿಸ್ ಜ್ವರದಿಂದ ಸತ್ತ ಅಂತ ಸರ್ಕಾರದ ಕಾಗದ ಬಂದಿತ್ತು, ಹಾಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು, ಕ್ಯಾಪ್ಟನ್ ಬಿಡಲಿಲ್ಲ, ದೋಣಿ ಹತ್ತಿ ದ್ವೀಪಕ್ಕೆ ಬಂದರು, ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ, ಜ್ವರ ಅಲ್ಲ ತಾಯೀ, ಬಾಗಿಲು ಹಾಕಿದ್ದು ನಾನು, ಅಂದರು, ಪಕ್ಕದಲ್ಲೇ ನಿಂತಿದ್ದ ಪಾಂಡೆಲಿಸನ ಕಡೆ ತಿರುಗಿಯೂ ನೋಡಲಿಲ್ಲ, ಅವ್ವ ಉಗಿದದ್ದು ಅವರ ಕಾಲಿಗೆ ಬಿತ್ತು, ಒರೆಸಿಕೊಳ್ಳಲಿಲ್ಲ. ವರ್ಷವರ್ಷ ಸತ್ತವರನ್ನು ನೆನೆಯುವ ಶನಿವಾರ ಸ್ಟ್ರಾಟಿಸನ ಹೆಸರಲ್ಲಿ ಬೇಯಿಸಿದ ಗೋಧಿಯ ಪ್ರಸಾದದ ತಟ್ಟೆ ಹಿಡಿದು ಇದೇ ಚರ್ಚಿಗೆ ಬರುತ್ತಾರೆ, ಅವ್ವ ಒಂದು ಕಾಳೂ ಬಾಯಿಗಿಡುವುದಿಲ್ಲ, ಹೋದ ವಾರ ಬಂದರಿನ ಭಾಷಣದಲ್ಲಿ ಯಾರೋ ಕೂಗಿದ, ಸ್ವಂತ ನಾವಿಕನ್ನ ಮುಳುಗಿಸಿದೋನು ದೇಶ ತೇಲಿಸ್ತಾನಾ, ಕ್ಯಾಪ್ಟನ್ ಟೋಪಿ ತೆಗೆದು ನಿಂತರು, ಗುಂಪಿನಲ್ಲಿ ಪಾಂಡೆಲಿಸ್ ಕಂಡ, ತಕ್ಷಣ ಕಣ್ಣು ಸಮುದ್ರದತ್ತ ಹೊರಳಿಸಿದರು, ಯಾರೂ ಆ ನೋಟದ ಜಾಡು ಹಿಡಿಯಬಾರದೆಂದು, ಎಂಥ ಮನುಷ್ಯ, ಇಂಥವನು ಆಳದಿದ್ದರೆ ಇನ್ಯಾರು ಆಳಬೇಕು, ಕೈ ಬಲಕ್ಕೆ ತಿರುಗಿತು, ಗುಂಡು ಜಾರಿತು, ಸದ್ದಿಲ್ಲ.

ಹೊರಗೆ ಬಿಸಿಲು, ಅವ್ವ ಎದ್ದು ಬಂದು ಅದೇ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಎಷ್ಟು ತಣ್ಣಗಾಗಿದೆಯೋ, ಯಾವ ಕಡೆ ತಿರುಗಿಸ್ದೆ, ಉಜ್ಜುತ್ತಾಳೆ, ಬಾಯಿ ಹತ್ತಿರ ತಂದು ಊದುತ್ತಾಳೆ, ಎಡಕ್ಕೆ ಅಂದರೆ ಮುಗಿಯಿತು, ಯಾರಿಗೂ ಕೇಳಿಸಿಲ್ಲ, ಬಲಕ್ಕೆ, ಅವ್ವ, ಅಂದ, ಅವಳ ಕೈ ನಿಂತಿತು, ಇನ್ನೂ ಬಿಟ್ಟಿಲ್ಲ, ಅವ್ವಾ ಕೇಳು, ಆ ದಿನ ಬಾಗಿಲು ಹಾಕಿದ್ದು — ಅವಳ ಅಂಗೈಯೊಳಗೆ ಈ ಕೈ, ಕೈಯೊಳಗೆ ಕಬ್ಬಿಣದ ಹಿಡಿ, ತಣ್ಣಗೆ, ಬಲಕ್ಕೆ, ಟಕ್.